ನಲ್ಲಿಯೇ ನೀರು ಹೀರಿದರೆ

ಬೆಂಗಳೂರಿನ ಅಂಚಿನ ಚಂದಾಪುರ ಸರ್ಕಲ್‌ನಿಂದ ಆನೇಕಲ್ ರಸ್ತೆಗೋ ದೊಮ್ಮಸಂದ್ರ ರಸ್ತೆಗೋ ತಿರುಗಿ ಅಡ್ಡರಸ್ತೆಗಳಲ್ಲಿ ಸುತ್ತಿದರೆ ನಾಲ್ಕಂತಸ್ತಿನ ಬಾಡಿಗೆ ಕಟ್ಟಡಗಳಿಗೂ ಪಿಜಿಗಳಿಗೂ ಬರವಿಲ್ಲ. ಅಂಥ ಕಟ್ಟಡಗಳ ಹಿಂಬದಿಯಲ್ಲಿ ಗೋಡೆಗೆ ಅಂಟಿಕೊಂಡು ಪೈಪುಗಳ ಗೋಜಲು ಇರುತ್ತದೆ. ಒಂದು ಬೋರ್‌ವೆಲ್‌ನದು, ಇನ್ನೊಂದು ಟ್ಯಾಂಕರ್‌ನವರು ಹೋಸ್ ಸಿಕ್ಕಿಸುವ ಲೈನು, ಮತ್ತೊಂದು ಸರದಿಯ ಮೇಲೆ ಬರುವ ನಲ್ಲಿ ನೀರಿನದು. ಎಷ್ಟೋ ಕಡೆ ಈ ಮೂರೂ ಒಂದು ಟೀ ಜಾಯಿಂಟಿನಲ್ಲಿ ಕೂಡಿರುತ್ತವೆ. ನಡುವೆ ಒಂದೆರಡು ಬಾಲ್ ವಾಲ್ವ್. "ಬೋರ್ ನೀರು ಬೇಕಾದಾಗ ಇದನ್ನ ತಿರುಗಿಸಿ, ನಲ್ಲಿ ನೀರು ಬಂದಾಗ ಅದನ್ನ" ಎಂದು ಪ್ಲಂಬರ್ ಹೇಳಿ ಹೋಗಿರುತ್ತಾನೆ. ಆಮೇಲೆ ವಾಚ್‌ಮನ್ ಬದಲಾಗುತ್ತಾನೆ, ಮನೆ ನೋಡಿಕೊಳ್ಳುವವರು ಬದಲಾಗುತ್ತಾರೆ. ಯಾವ ಹಿಡಿಕೆ ಯಾವ ನೀರಿನದು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಬೋರ್‌ವೆಲ್ ಮೋಟಾರ್ ಓಡುತ್ತಿದೆ, ಬೀದಿ ಲೈನಿನ ವಾಲ್ವ್ ಪೂರ್ತಿ ಮುಚ್ಚಿಲ್ಲ ಎಂದುಕೊಳ್ಳಿ. ಅವತ್ತು ನೀರು ಬಿಡುವ ಸರದಿಯಲ್ಲ, ಬೀದಿಯ ಪೈಪು ಖಾಲಿ. ಮೋಟಾರಿನ ನೀರಿಗೆ ಓವರ್‌ಹೆಡ್ ಟ್ಯಾಂಕಿಗೆ ಹತ್ತುವುದಕ್ಕಿಂತ ಬೀದಿಯ ಪೈಪಿಗೆ ಇಳಿಯುವುದು ಸುಲಭ, ಅದು ಇಳಿಯುತ್ತದೆ. ಮಾರನೆಯ ದಿನ ವಾಲ್ವ್‌ಮನ್ ನೀರು ಬಿಟ್ಟಾಗ ಆ ಬೋರ್ ನೀರು ನಾಲ್ಕು ಮನೆಯಾಚೆ ಯಾರದೋ ಬಿಂದಿಗೆ ತುಂಬುತ್ತದೆ. ಕಟ್ಟಡದ ಯಜಮಾನರಿಗೆ ತಾವು ಬೀದಿಗೆಲ್ಲ ನೀರು ಸರಬರಾಜು ಮಾಡಿದ್ದು ಗೊತ್ತೇ ಆಗುವುದಿಲ್ಲ.

ಪ್ಲಂಬಿಂಗ್‌ನವರು ಇದನ್ನು ಬ್ಯಾಕ್‌ಫ್ಲೋ ಎನ್ನುತ್ತಾರೆ. ನೀರು ಹೀಗೆ ಹಿಂದಕ್ಕೆ ಹರಿಯುವುದು ಎರಡು ಬಗೆಯಲ್ಲಿ. ಒಂದು, ಮನೆಯ ಕಡೆಯ ಒತ್ತಡ ಬೀದಿಯದಕ್ಕಿಂತ ಹೆಚ್ಚಾಗಿ ನೂಕುವುದು. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಹದಿನೈದು ಮೀಟರ್ ಮೇಲಿರುವ ಟ್ಯಾಂಕಿನಿಂದ ಕೆಳಕ್ಕೆ ಒಂದೂವರೆ ಬಾರ್ ಸದಾ ಒತ್ತುತ್ತಿರುತ್ತದೆ, ಮೋಟಾರ್ ಇಲ್ಲದೆಯೂ. ಇನ್ನೊಂದು, ಬೀದಿಯ ಪೈಪೇ ಹೀರುವುದು. ಮೇಲಿನಿಂದ ವಾಲ್ವ್ ಮುಚ್ಚಿದಾಗ ಪೈಪಿನಲ್ಲಿ ಉಳಿದ ನೀರು ತಗ್ಗಿನ ಮನೆಗಳ ಕಡೆ ಇಳಿಯುತ್ತದೆ. ಹಿಂದೆ ಉಳಿದ ಖಾಲಿ ಜಾಗ ಗಾಳಿ ಎಳೆದುಕೊಳ್ಳುತ್ತದೆ; ಗಾಳಿ ಸಿಗದಿದ್ದರೆ ಸಿಕ್ಕಿದ್ದನ್ನು ಎಳೆದುಕೊಳ್ಳುತ್ತದೆ. ಬಕೆಟ್ಟಿನಲ್ಲಿ ಮುಳುಗಿದ ಹೋಸ್, ಸಂಪಿನ ತಳಕ್ಕೆ ಇಳಿಬಿಟ್ಟ ಪೈಪು, ಚರಂಡಿ ಪಕ್ಕದ ಸಡಿಲ ಜಾಯಿಂಟು, ಯಾವುದಾದರೂ ಸರಿ.

ಚಂದಾಪುರದ ಸುತ್ತ ಹೀಗೆ ಎಳೆದುಕೊಳ್ಳಲು ಸಿಗುವ ನೀರು ಎಂಥದ್ದು ಎಂಬುದಕ್ಕೆ ಊರಿನ ಕೆರೆಯೇ ದಾಖಲೆ. ಕೈಗಾರಿಕೆಗಳ ತ್ಯಾಜ್ಯ ಮತ್ತು ಕೊಳಚೆ ಸೇರಿ ಚಂದಾಪುರ ಕೆರೆ ಹಾಳಾದುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು, 2022ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ₹500 ಕೋಟಿ ಪರಿಹಾರ ಕಟ್ಟಬೇಕೆಂದು ಆದೇಶಿಸಿತ್ತು. ಸುದ್ದಿಯಾದದ್ದು ಕೆರೆ. ಅದೇ ಕೊಳಚೆ ಮನೆಮುಂದಿನ ಚರಂಡಿಯಲ್ಲಿ ಹರಿಯುವಾಗ ಅದರ ಪಕ್ಕದಲ್ಲೇ ಕುಡಿಯುವ ನೀರಿನ ಪೈಪು ಮಲಗಿರುವುದು ಸುದ್ದಿಯಾಗಲಿಲ್ಲ. ಕುಡಿಯುವ ನೀರಿನ ಮುಖ್ಯ ಕೊಳವೆಗೂ ಒಳಚರಂಡಿಗೂ ಅಡ್ಡಲಾಗಿ ಮೂರು ಮೀಟರ್ ಅಂತರವಿರಬೇಕು, ಒಂದನ್ನೊಂದು ದಾಟುವಲ್ಲಿ ನೀರಿನ ಕೊಳವೆ ಮೇಲಿರಬೇಕು ಎನ್ನುತ್ತದೆ ಕೇಂದ್ರದ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಸಂಸ್ಥೆ ಸಿಪಿಎಚ್‌ಇಇಒದ ಕೈಪಿಡಿ. ಇಪ್ಪತ್ತಡಿ ರಸ್ತೆಯ ಬಡಾವಣೆಯಲ್ಲಿ ಮೂರು ಮೀಟರ್ ಅಂದರೆ ಅರ್ಧ ರಸ್ತೆ. ಕೈಪಿಡಿ ಬರೆದವರು ರೆವಿನ್ಯೂ ಸೈಟುಗಳನ್ನು ನೋಡಿರಲಿಕ್ಕಿಲ್ಲ.

ಸರದಿಯ ನೀರು ಎಷ್ಟು ಕೆಡುತ್ತದೆ ಎಂಬುದನ್ನು ಅಳೆದು ನೋಡಿದ ಊರು ಕರ್ನಾಟಕದಲ್ಲೇ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬರತೊಡಗಿತ್ತು; ಉಳಿದ ವಾರ್ಡುಗಳಿಗೆ ಕೆಲವು ದಿನಕ್ಕೊಮ್ಮೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆಯ ನಲ್ಲಿಗಳಿಂದ ಮಾದರಿ ಹಿಡಿದು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನಿರಂತರ ನೀರಿನ ನಲ್ಲಿಗಳಲ್ಲಿ ಇ-ಕೊಲೈ ಸಿಕ್ಕಿದ್ದು ಶೇ 0.7ರಷ್ಟು ಮಾದರಿಗಳಲ್ಲಿ, ಸರದಿ ನೀರಿನ ನಲ್ಲಿಗಳಲ್ಲಿ ಶೇ 31.7ರಷ್ಟರಲ್ಲಿ. ಇ-ಕೊಲೈ ಎಂದರೆ ಮಲದ ಸುಳಿವು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ 100 ಮಿಲಿಲೀಟರ್‌ನಲ್ಲಿ ಅದು ಒಂದೂ ಕಾಣಬಾರದು. ಊರು ಒಂದೇ, ವ್ಯತ್ಯಾಸ ಬಂದದ್ದು ದಾರಿಯಲ್ಲಿ, ಪೈಪು ಖಾಲಿ ಬಿದ್ದಿದ್ದ ಹೊತ್ತಿನಲ್ಲಿ. ನೀರು ಬಿಟ್ಟ ಮೊದಲ ಕೆಲವು ನಿಮಿಷ ಬರುವುದೇ ಅತಿ ಕೊಳಕು ಎಂಬುದೂ ಅವರ ಮುಂದಿನ ಅಧ್ಯಯನದಲ್ಲಿ ಕಂಡಿತು. "ಮೊದಲ ನೀರು ಚೆಲ್ಲಿಬಿಡು" ಎನ್ನುವ ಮನೆಯ ಹಿರಿಯರಿಗೆ ಈ ಅಂಕಿ-ಅಂಶ ಬೇಕಾಗಿರಲಿಲ್ಲ ಅನ್ನಿ.

ಆದರೆ ಮೊದಲ ನೀರನ್ನು ಚೆಲ್ಲುವ ತಾಳ್ಮೆ ಯಾರಿಗಿದೆ? ನೀರು ಬಂತೆಂದರೆ ಬೀದಿ ಲೈನಿಗೇ ಮೋಟಾರ್ ಕೂರಿಸಿ ಎಳೆಯುವವರಿದ್ದಾರೆ. ಅದು ಪಕ್ಕದ ಮನೆಯ ಪಾಲಿನ ನೀರು ಕದಿಯುವುದು ಎಂಬಷ್ಟಕ್ಕೆ ಜಗಳ ನಿಲ್ಲುತ್ತದೆ. ನಿಜವಾದ ಅಪಾಯ ಬೇರೆ: ಮೋಟಾರ್ ಎಳೆದಾಗ ಬೀದಿಯ ಪೈಪಿನ ಒತ್ತಡ ಸೊನ್ನೆಗಿಂತ ಕೆಳಗಿಳಿಯಬಹುದು. ಅಲ್ಲಿಯವರೆಗೆ ಹೊರಕ್ಕೆ ಸೋರುತ್ತಿದ್ದ ಬಿರುಕು ಒಳಕ್ಕೆ ಸೋರತೊಡಗುತ್ತದೆ. ಹೈದರಾಬಾದಿನ ಜಲಮಂಡಳಿ 2025ರ ಏಪ್ರಿಲ್‌ನಲ್ಲಿ ಮೋಟಾರ್ ಜಪ್ತಿ ಮಾಡಿ ₹5,000 ದಂಡ ಹಾಕುವ ಕಾರ್ಯಾಚರಣೆಗೆ ಇಳಿದಾಗ ಮುಂದಿಟ್ಟದ್ದು ನೀರಿನ ಒತ್ತಡ ಕಡಿಮೆ ಎಂಬ ದೂರನ್ನು. ನೀರು ಕೆಡುತ್ತದೆ ಎಂಬುದನ್ನೇ ಮುಂದಿಟ್ಟಿದ್ದರೂ ತಪ್ಪಾಗುತ್ತಿರಲಿಲ್ಲ.

ಒತ್ತಡ ಕುಸಿಯಲು ಮೋಟಾರೇ ಬೇಕೆಂದಿಲ್ಲ. 1969ರಲ್ಲಿ ಅಮೆರಿಕದ ವುಸ್ಟರ್ ನಗರದಲ್ಲಿ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡದ 97 ಮಂದಿಯಲ್ಲಿ 90 ಮಂದಿಗೆ ಹೆಪಟೈಟಿಸ್ ಸೋಂಕು ತಗುಲಿ, ಎರಡು ಪಂದ್ಯವಾಡಿದ ತಂಡ ಉಳಿದ ಋತುವನ್ನೇ ಕೈಬಿಟ್ಟಿತು. ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ವಿಚಿತ್ರ ಸರಣಿ. ಅಭ್ಯಾಸದ ಮೈದಾನದ ಬಳಿ ಎಲ್ಲೋ ಬೆಂಕಿ ಬಿದ್ದಿತ್ತು. ಅಗ್ನಿಶಾಮಕದವರು ಹೈಡ್ರಂಟ್‌ಗಳಿಂದ ಜೋರಾಗಿ ನೀರೆಳೆದರು. ಲೈನಿನ ಒತ್ತಡ ಬಿತ್ತು. ಮೈದಾನದ ನೆಲಮಟ್ಟದ ಗುಂಡಿಯಲ್ಲಿದ್ದ ಸ್ಪ್ರಿಂಕ್ಲರ್ ಸಂಪರ್ಕ ಗುಂಡಿಯಲ್ಲಿ ನಿಂತಿದ್ದ ನೀರನ್ನು ಹೀರಿತು. ಆ ಗುಂಡಿಯಲ್ಲಿ ಆಡುತ್ತಿದ್ದ ಅಕ್ಕಪಕ್ಕದ ಮಕ್ಕಳಿಗೆ ಅದಾಗಲೇ ಹೆಪಟೈಟಿಸ್ ಇತ್ತು. ಆಟಗಾರರು ಕುಡಿದದ್ದು ಅದೇ ಲೈನಿನ ನಲ್ಲಿಯಿಂದ.

ಮನೆ ಸಂಪುಗಳ ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೆಂಗಳೂರು ಸೀಮೆಯ ಸಂಪು, ಸರಿಯಾಗಿ ಕಟ್ಟಿದ್ದರೆ, ಬ್ಯಾಕ್‌ಫ್ಲೋ ತಡೆಯಲು ಜಗತ್ತಿನಲ್ಲಿರುವ ಅತಿ ಒಳ್ಳೆಯ ಸಾಧನ. ಬೀದಿಯ ಪೈಪು ಸಂಪಿನ ಮೇಲ್ಭಾಗದಲ್ಲಿ ಕೊನೆಯಾಗಬೇಕು. ಅದರ ಬಾಯಿಗೂ ಸಂಪು ತುಂಬಿ ಹೊರಚೆಲ್ಲುವ ಮಟ್ಟಕ್ಕೂ ನಡುವೆ ಪೈಪಿನ ವ್ಯಾಸದ ಎರಡರಷ್ಟು, ಕಡಿಮೆಯೆಂದರೆ ಒಂದಿಂಚು, ಬರೀ ಗಾಳಿ ಇರಬೇಕು. ಗಾಳಿ ದಾಟಿ ನೀರು ಹಿಂದಕ್ಕೆ ಹೋಗಲಾರದು. ಇದಕ್ಕೆ ಸ್ಪ್ರಿಂಗ್ ಬೇಡ, ವಾಷರ್ ಬೇಡ, ಕರೆಂಟ್ ಬೇಡ. ಕೆಡುವ ಭಾಗವೇ ಇಲ್ಲ.

ಕೆಡಿಸುವವರಿದ್ದಾರೆ, ಅಷ್ಟೆ. ರಾತ್ರಿ ಹೊತ್ತು ನೀರು ಬಂದಾಗ ಸಂಪಿಗೆ ಬೀಳುವ ಸದ್ದು ಕಿರಿಕಿರಿ ಎಂದು ಒಂದು ತುಂಡು ಪೈಪು ಸೇರಿಸಿ ತಳಕ್ಕೆ ಮುಟ್ಟಿಸುತ್ತಾರೆ. ಬೀದಿಯಲ್ಲಿ ಒತ್ತಡ ಕಮ್ಮಿ ಎಂದು ಪೈಪನ್ನು ಕೆಳಗಿಳಿಸುವವರೂ ಇದ್ದಾರೆ. ಸಂಪು ತುಂಬಿದ ಮೇಲೆ ಪೈಪಿನ ಬಾಯಿ ನೀರಿನೊಳಗೆ. ಬೀದಿ ಖಾಲಿಯಾಯಿತೋ, ಸಂಪಿನ ನೀರು ಬಂದ ದಾರಿಯಲ್ಲೇ ಹಿಂದಕ್ಕೆ. ಆ ಸಂಪಿಗೆ ಟ್ಯಾಂಕರ್ ನೀರೂ ಬಿದ್ದಿರುತ್ತದೆ, ನೆಲಮಟ್ಟದ ಮುಚ್ಚಳದ ಸಂದಿಯಿಂದ ಮಳೆನೀರೂ ಇಳಿದಿರುತ್ತದೆ. 2022ರ ಸೆಪ್ಟೆಂಬರ್ ಮಳೆಗೆ ಸರ್ಜಾಪುರ ರಸ್ತೆ ಆಸುಪಾಸಿನ ಬಡಾವಣೆಗಳು ಮುಳುಗಿದಾಗ ಎಷ್ಟೋ ಸಂಪುಗಳಲ್ಲಿ ನಿಂತದ್ದು ಕೆಸರು. ಅದನ್ನು ತೊಳೆಸಿದವರು ತಮ್ಮ ಸಂಪನ್ನು ತೊಳೆಸಿದರು. ಬೀದಿಯ ಪೈಪಿನ ಗೊಡವೆ ಯಾರಿಗೂ ಇರಲಿಲ್ಲ.

"ಎನ್‌ಆರ್‌ವಿ ಹಾಕಿಸಿದೀವಲ್ಲ" ಎಂಬ ಉತ್ತರ ಸಾಮಾನ್ಯ. ನಾನ್ ರಿಟರ್ನ್ ವಾಲ್ವ್ ಹಿತ್ತಾಳೆಯ ಪುಟ್ಟ ಬಾಗಿಲು. ನೀರು ಮುಂದಕ್ಕೆ ನೂಕಿದರೆ ತೆರೆಯುತ್ತದೆ, ಹಿಂದಕ್ಕೆ ನೂಕಿದರೆ ಮುಚ್ಚಿಕೊಳ್ಳುತ್ತದೆ. ಹೊಸದರಲ್ಲಿ. ಬೋರ್ ನೀರಿನ ಗಡಸು ಲವಣ ಬಾಗಿಲಂಚಿಗೆ ಬಿಳಿ ಪದರಾಗಿ ಕಟ್ಟುತ್ತದೆ, ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಪೂರ್ತಿ ಮುಚ್ಚುವುದಿಲ್ಲ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಅದಕ್ಕೇ ಹೆಚ್ಚು ಅಪಾಯವಿರುವ ಕಡೆ, ಅಂದರೆ ಕಾರ್ಖಾನೆ, ಆಸ್ಪತ್ರೆ, ಲ್ಯಾಬುಗಳಿಗೆ, ಬೇರೆ ದೇಶಗಳಲ್ಲಿ ಎರಡು ಬಾಗಿಲಿನ ಸಾಧನ ಕಡ್ಡಾಯ ಮಾಡುತ್ತಾರೆ. ಎರಡರ ನಡುವೆ ಒಂದು ಹೊರದಾರಿ ಇರುತ್ತದೆ. ಬಾಗಿಲು ಕೈಕೊಟ್ಟರೆ ನೀರು ಬೀದಿಗೆ ಹೋಗುವ ಬದಲು ನೆಲಕ್ಕೆ ಚೆಲ್ಲಿ ತನ್ನ ಕಾಯಿಲೆಯನ್ನು ತಾನೇ ಸಾರುತ್ತದೆ. ಅಮೆರಿಕದ ಅನೇಕ ನಗರಗಳಲ್ಲಿ ವರ್ಷಕ್ಕೊಮ್ಮೆ ಪರವಾನಗಿ ಪಡೆದವರು ಬಂದು ಅದನ್ನು ಪರೀಕ್ಷಿಸಿ ಚೀಟಿ ಕೊಡಬೇಕು.

ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕೈಗಾರಿಕಾ ಪ್ರದೇಶಗಳ ನಡುವೆ ಇರುವ ಊರಿಗೆ ಕಾರ್ಖಾನೆಯ ಮಾತು ದೂರದ್ದಲ್ಲ. ಬಾಯ್ಲರ್, ಕೂಲಿಂಗ್ ಟವರ್, ಪ್ಲೇಟಿಂಗ್ ತೊಟ್ಟಿ, ತಿಂಗಳುಗಟ್ಟಲೆ ನೀರು ನಿಂತಿರುವ ಫೈರ್ ಲೈನು: ಇವುಗಳಲ್ಲಿ ಯಾವುದಕ್ಕಾದರೂ ಕುಡಿಯುವ ನೀರಿನ ಪೈಪು ನೇರ ಕೂಡಿದ್ದರೆ ಹಿಂದೆ ಬರುವುದು ಬರೀ ಕೊಳಚೆಯಲ್ಲ. 2016ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿ ನಗರದಲ್ಲಿ ಟಾರು ಘಟಕವೊಂದರ ರಾಸಾಯನಿಕ ಬೀದಿ ಲೈನಿಗೆ ಹಿಂದೆ ಹರಿದಿದೆ ಎಂಬ ಶಂಕೆ ಎದ್ದು, ಸುಮಾರು ಮೂರು ಲಕ್ಷ ಜನರಿಗೆ ನಲ್ಲಿ ನೀರು ಮುಟ್ಟಬೇಡಿ ಎಂದು ಹೇಳಬೇಕಾಯಿತು. ಅದು ಕಾಯಿಸಿದರೂ ಸರಿಹೋಗುವ ನೀರಲ್ಲ. ನಾಲ್ಕು ದಿನ ಊರು ಬಾಟಲಿ ನೀರಿನ ಮೇಲೆ ನಡೆಯಿತು.

ಇನ್ನು ಅಪಾರ್ಟ್‌ಮೆಂಟುಗಳು. ದೊಡ್ಡ ಸಮುಚ್ಚಯಗಳಲ್ಲಿ ಕೊಳಚೆ ಶುದ್ಧೀಕರಿಸುವ ಎಸ್‌ಟಿಪಿ ಇದೆ. ಶುದ್ಧೀಕರಿಸಿದ ನೀರು ಬೇರೆ ಪೈಪಿನಲ್ಲಿ ಫ್ಲಶ್‌ಗೂ ಗಿಡಗಳಿಗೂ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ ₹5,000 ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿದ ಮೇಲಂತೂ ಈ ಎರಡನೆಯ ಪೈಪಿಗೆ ಬೆಲೆ ಬಂದಿದೆ. ಬರಬೇಕಾದ್ದೇ. ಆದರೆ ಒಂದೇ ಗೋಡೆಯಲ್ಲಿ ಒಂದೇ ಬಗೆಯ ಎರಡು ಪೈಪು ಓಡುವಾಗ ಯಾವತ್ತೋ ಒಬ್ಬ ಪ್ಲಂಬರ್ ತಪ್ಪಾಗಿ ಕೂಡಿಸುತ್ತಾನೆ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ನಗರದ ಹೊಸ ಬಡಾವಣೆ ಲೀಡ್‌ಶ ರೈನ್‌ನಲ್ಲಿ 2001ರಲ್ಲಿ ಆದದ್ದು ಅದೇ. ಕುಡಿಯಲಲ್ಲದ ಮನೆಬಳಕೆಯ ನೀರಿನ ಜಾಲ ಕುಡಿಯುವ ನೀರಿನ ಜಾಲಕ್ಕೆ ಕೂಡಿಕೊಂಡು ಜನ ವಾಂತಿಭೇದಿಯಿಂದ ಬಳಲಿದರು. ಎರಡು ವರ್ಷದಲ್ಲಿ ಆ ದೇಶ ಮನೆಗಳಿಗೆ ದೊಡ್ಡ ಪ್ರಮಾಣದ ಜೋಡಿ ಜಾಲ ಕೊಡುವ ಯೋಚನೆಯನ್ನೇ ಕೈಬಿಟ್ಟಿತು.

ಫಿನ್ಲೆಂಡಿನ ನೋಕಿಯಾದಲ್ಲಿ, ಹೌದು ಮೊಬೈಲಿಗೆ ಹೆಸರು ಕೊಟ್ಟ ಅದೇ ಊರಿನಲ್ಲಿ, ತಪ್ಪು ನಡೆದದ್ದು ಕೊಳಚೆ ಶುದ್ಧೀಕರಣ ಘಟಕದೊಳಗೇ. ಅಲ್ಲಿ ಸಂಸ್ಕರಿಸಿದ ಕೊಳಚೆ ನೀರಿನ ಲೈನಿಗೂ ಕುಡಿಯುವ ನೀರಿನ ಲೈನಿಗೂ ನಡುವೆ ಇದ್ದದ್ದು ಒಂದು ವಾಲ್ವ್. 2007ರ ನವೆಂಬರ್ 28ರಂದು ಅದು ತೆರೆದುಕೊಂಡಿತು. ಎರಡು ದಿನದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಲೀಟರ್ ಊರಿನ ಜಾಲ ಸೇರಿತು. ಮೂವತ್ತು ಸಾವಿರ ಜನರ ಊರಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಕುಡಿಯುವ ನೀರಿಗೂ ಬೇರೆ ನೀರಿಗೂ ನೇರ ಸಂಪರ್ಕ ಇರಲೇಕೂಡದು ಎಂದು ಕಟ್ಟಡಗಳ ನೀರು ಸರಬರಾಜಿನ ನಮ್ಮ ಮಾನದಂಡ ಐಎಸ್ 2065 ಹೇಳುವುದೂ ಇದಕ್ಕೇ. ಅದರ ಲೆಕ್ಕದಲ್ಲಿ ಚಂದಾಪುರದ ಹಿತ್ತಿಲ ಟೀ ಜಾಯಿಂಟಿನ ಬಾಲ್ ವಾಲ್ವ್ ತಡೆಯೇ ಅಲ್ಲ.

ರಾಯಚೂರಿನಲ್ಲಿ 2022ರಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರಲ್ಲಿ ಕಲುಷಿತ ನೀರಿಗೆ ಜೀವಗಳು ಹೋದವು. ಆ ಪ್ರಕರಣಗಳ ದಾರಿ ಬೇರೆ ಬೇರೆ. ಇಂಥದ್ದಾದಾಗಲೆಲ್ಲ ಟ್ಯಾಂಕ್ ತೊಳೆದಿದ್ದರೇ, ಪೈಪು ಒಡೆದಿತ್ತೇ ಎಂಬ ಪ್ರಶ್ನೆಗಳು ಬರುತ್ತವೆ, ಮನೆಗಳಲ್ಲಿ ಆರ್‌ಒ ಮಾರಾಟ ಏರುತ್ತದೆ. ಅಡುಗೆಮನೆಯ ಆರ್‌ಒ ಕೊಂಡವರ ಲೋಟವನ್ನಷ್ಟೇ ಕಾಯುತ್ತದೆ. ಅದೇ ಮನೆಯ ಸಂಪು ಬೀದಿಗೆ ಏನು ಕಳಿಸುತ್ತಿದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಪುರಸಭೆಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ಹೊಸ ಸಂಪರ್ಕ ಕೊಡುವ ದಿನ ಸಂಪಿನ ಮುಚ್ಚಳ ತೆಗೆಸಿ ಪೈಪಿನ ಬಾಯಿ ಎಲ್ಲಿದೆ ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು. ಬೋರ್ ಇರುವ ಕಟ್ಟಡಕ್ಕೆ ಎರಡೂ ನೀರು ಸಂಪಿನಲ್ಲೇ ಸೇರಬೇಕು, ಪೈಪಿನಲ್ಲಿ ಅಲ್ಲ ಎಂಬ ಷರತ್ತು ಹಾಕಿದರೆ ಇನ್ನರ್ಧ. ವಾಟರ್‌ಮ್ಯಾನ್‌ಗಳಿಗೆ ಪರಿಚಿತವಾದ ಕ್ಲೋರೋಸ್ಕೋಪ್ ಕೂಡ ಇಲ್ಲಿ ಪತ್ತೇದಾರನೇ. ಅದರ ಪುಟ್ಟ ಕೊಳವೆಯಲ್ಲಿ ನೀರು ಹಿಡಿದು ಕೆಲವು ಹನಿ ದ್ರಾವಣ ಹಾಕಿದರೆ ಕ್ಲೋರಿನ್ ಇದ್ದಷ್ಟು ಹಳದಿಯಾಗುತ್ತದೆ. ಲೀಟರಿಗೆ 0.2 ಮಿಲಿಗ್ರಾಂ ಇರಲೇಬೇಕು. ಬೀದಿಯ ಈ ತುದಿಯಲ್ಲಿ ಹಳದಿ, ಆ ತುದಿಯಲ್ಲಿ ಬಣ್ಣವೇ ಇಲ್ಲ ಎಂದಾದರೆ ನಡುವೆ ಏನೋ ಒಳಬಂದು ಕ್ಲೋರಿನ್ ತಿಂದಿರಬಹುದು. ಆ ನಡುವಿನ ಮನೆಗಳ ಮುಚ್ಚಳ ಮೊದಲು ತೆಗೆಸಬೇಕು.

ಮನೆಯವರು ಮಾಡಬಹುದಾದ ಪರೀಕ್ಷೆ ಇನ್ನೂ ಸರಳ. ನೀರು ನಿಂತ ಸ್ವಲ್ಪ ಹೊತ್ತಿಗೆ, ಸಂಪಿಗಿಂತ ಮುಂಚೆ ಬೀದಿ ಲೈನಿನಲ್ಲಿರುವ ನಲ್ಲಿಯ ಬಾಯಿ ಮುಳುಗುವಂತೆ ಒಂದು ಲೋಟ ಶುದ್ಧ ನೀರು ಹಿಡಿದು ನಲ್ಲಿ ತಿರುಗಿಸಬೇಕು. ಲೋಟದ ನೀರು ಇಳಿದರೆ ಬೀದಿಯ ಪೈಪು ಹೀರುತ್ತಿದೆ ಎಂದರ್ಥ. ಆಗ ಕೂಡಲೇ ನಲ್ಲಿ ಮುಚ್ಚಿ, ಪ್ಲಂಬರ್‌ಗಿಂತ ಮೊದಲು ವಾಟರ್‌ಮ್ಯಾನ್‌ಗೆ ಫೋನ್ ಮಾಡುವುದು ಒಳ್ಳೆಯದು. ಆ ಲೈನಿನಲ್ಲಿ ಚರಂಡಿ ಪಕ್ಕದ ಬಿರುಕು ಎಲ್ಲಾದರೂ ಇದ್ದರೆ ಅದೂ ಅದೇ ಹೊತ್ತಿಗೆ ಹೀರುತ್ತಿರುತ್ತದೆ.