ಭೀಮನಿಗೆ ಮಾತು ಎತ್ತಿಕೊಟ್ಟವನು

ಮಕ್ಕಳೇ, ನಾಟಕದಲ್ಲಿ ಯಾರ ಕಣ್ಣಿಗೂ ಬೀಳದೆ ದುಡಿಯುವವನು ಒಬ್ಬನಿರುತ್ತಾನೆ. ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ಕೂತು, ನಟ ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುತ್ತಾನೆ. ಅವನೇ ಪ್ರಾಂಪ್ಟರ್. ಬಿ.ಕಾಂ. ಓದುವಾಗ ರಜೆಗೆ ಊರಿಗೆ ಹೋದರೆ ನನಗೆ ಅದೇ ಕೆಲಸ. ವೇಷ ಹಾಕಲು ಧೈರ್ಯವಿರಲಿಲ್ಲ, ಓದಲು ಬರುತ್ತಿತ್ತು.

ನಮ್ಮದು ತುಮಕೂರು ಸೀಮೆ. 'ಕುರುಕ್ಷೇತ್ರ' ನಾಟಕವೆಂದರೆ ಅಲ್ಲಿನ ಹಳ್ಳಿಗಳಿಗೆ ಈಗಲೂ ಪ್ರಾಣ. 1934ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ಅದನ್ನು ಆಡಿದಾಗ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದಿದ್ದವು. ನಮ್ಮೂರಲ್ಲಿ ಆನೆ ಎಲ್ಲಿಂದ ತರೋಣ? ಬಾಡಿಗೆ ಸೀನರಿ, ಬಾಡಿಗೆ ಕಿರೀಟ, ಜೊತೆಗೊಬ್ಬ ಹಾರ್ಮೋನಿಯಂ ಮೇಷ್ಟ್ರು. ಹೊಲದಿಂದ ಬಂದ ರೈತರಿಗೆ ಅವರು ತಿಂಗಳುಗಟ್ಟಲೆ ರಾತ್ರಿ ಹೊತ್ತು ಹಾಡು, ಮಾತು ಕಲಿಸುತ್ತಿದ್ದರು.

ಭೀಮನ ಪಾತ್ರ ನನ್ನ ಗೆಳೆಯನದು. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಓದಿದ್ದನ್ನು ಕೇಳಿಯೇ ಕಲಿತ. ಮೇಷ್ಟ್ರು ಅವನನ್ನು ಕೂತು ಹೇಳಲು ಬಿಡುತ್ತಿರಲಿಲ್ಲ. ಈ ಮಾತಿಗೆ ಎರಡು ಹೆಜ್ಜೆ ಮುಂದೆ, ಆ ಮಾತಿಗೆ ಗದೆ ಹೆಗಲಿಗೆ, ಹಾರ್ಮೋನಿಯಂ ಇಲ್ಲಿಗೆ ಬಂದರೆ ಹಾಡು ಶುರು. ಮಾತು ಬಾಯಲ್ಲಷ್ಟೇ ಅಲ್ಲ, ಕಾಲಲ್ಲೂ ಕೂತುಬಿಡುತ್ತಿತ್ತು. (ಮೊಮ್ಮಗನಿಗೆ ಹದಿನೇಳರ ಮಗ್ಗಿ ಬಂದದ್ದೂ ಜೋಕಾಲಿ ಜೀಕುತ್ತಲೇ!)

ಒಂದು ಜಾತ್ರೆಯ ರಾತ್ರಿ ನನ್ನ ಪಕ್ಕದ ಪೆಟ್ರೋಮ್ಯಾಕ್ಸ್ ಆರಿಹೋಯಿತು. ಪುಸ್ತಕ ಕಾಣದು. ಅತ್ತ ದುರ್ಯೋಧನ ಮಾತು ಮರೆತು ಬೆವರುತ್ತಿದ್ದ. ಭೀಮ ಗದೆ ಬೀಸುವ ನೆಪದಲ್ಲಿ ಹತ್ತಿರ ಹೋಗಿ, ವೈರಿಯ ಮಾತನ್ನು ವೈರಿಯ ಕಿವಿಗೇ ಉಸುರಿ ಬಂದ. ಸಭೆಗೆ ಗೊತ್ತೇ ಆಗಲಿಲ್ಲ.

ಅಂಥವನು ಈಗ ಹೆತ್ತ ಮಕ್ಕಳ ಹೆಸರನ್ನೂ ಮರೆತಿದ್ದಾನೆ. ಯುಗಾದಿಗೆ ಮೊಮ್ಮಗನ ಜೊತೆ ಹೋದಾಗ "ತಾವು ಯಾರು ಸ್ವಾಮಿ?" ಎಂದ. ಬ್ಯಾಂಕಿನ ಕೌಂಟರಿನಲ್ಲಿ ದಿನವೂ ಕೇಳಿದ 'ಸ್ವಾಮಿ'. ಅವನ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಏನು ಮಾತಾಡಲೂ ತೋಚದೆ ಭೀಮನ ಪ್ರವೇಶದ ಮಟ್ಟು ಗುನುಗಿದೆ. ಅವನ ಬಲಗಾಲು ತಾಳ ಹಾಕಿತು. ಗೋಡೆ ಹಿಡಿದು ಎದ್ದ. ಎರಡು ಹೆಜ್ಜೆ. ಮಾತು ಹೊರಟಿತು, ಅದೇ ಹಳೆಯ ದನಿ! ನಡುವೆ ತಡೆಯಿತು. ಕಣ್ಣು ಎಡಕ್ಕೆ ಹೊರಳಿತು. ನಾನು ಕೂತಿದ್ದುದು ಬಲಕ್ಕೆ. ನಾಟಕದಲ್ಲಿ ಕೂರುತ್ತಿದ್ದುದು ಎಡಕ್ಕೆ. ಮಂಡಿನೋವು ಮರೆತು ಎದ್ದು, ಆ ಕಡೆ ಹೋಗಿ ಕೂತು, ಒಂದು ಪದ ಎತ್ತಿಕೊಟ್ಟೆ. ಮುಂದಿನದೆಲ್ಲ ಅವನೇ ಹೇಳಿದ.

ಮುಗಿಸಿ ಗುಡುಗಿದ: "ಎಲ್ಲೋ ದುರ್ಯೋಧನ?"

ಮೊಮ್ಮಗ ಮೂಲೆಯಲ್ಲಿದ್ದ ಕೊಡೆ ಹೆಗಲಿಗೇರಿಸಿ ಎದ್ದು ನಿಂತ. ಅವನ ಮಾತನ್ನು ನಾನು ಹೇಳಿಕೊಡತೊಡಗಿದೆ.