ನಡುಗಡ್ಡೆಗೆ ಒಂದು ಪ್ರದಕ್ಷಿಣೆ

ಕಡಲತೀರದ ಊರುಗಳಲ್ಲಿ ಈಗ ಹೊಸದೊಂದು ವಿಹಾರ ಬಳಕೆಗೆ ಬಂದಿದೆ. ಜೆಟ್ ಸ್ಕೀ ಎಂಬ ನೀರಿನ ಮೋಟಾರು ಬೈಕನ್ನೇರಿ, ಮುಂದೆ ಒಬ್ಬ ಮಾರ್ಗದರ್ಶಿಯನ್ನು ಬಿಟ್ಟುಕೊಂಡು, ದ್ವೀಪವೊಂದನ್ನು ಸುತ್ತಿಬರುವುದು. ಜಪಾನಿನ ಕಾವಾಸಾಕಿ ಸಂಸ್ಥೆ 1973ರಲ್ಲಿ ಈ ಹೆಸರಿನ ವಾಹನವನ್ನು ಹೊರತಂದಿತು. ಸಿಂಧನೂರಿನ ಕಾಲುವೆಯ ನೀರನ್ನೂ ಮಸ್ಕಿಯ ಹಳ್ಳವನ್ನೂ ಕಂಡು ಬೆಳೆದವರಿಗೆ ಇದು ದೂರದ ಮಾತೆನಿಸಬಹುದು. ಆದರೆ ಲಿಂಗಸುಗೂರಿನಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರು ನಡೆದರೆ ಕೃಷ್ಣೆ. ಕೃಷ್ಣೆಯ ನಡುವೆ ನಡುಗಡ್ಡೆಗಳು. ನಮ್ಮ ಕಡೆಯವರ ಬಾಯಲ್ಲಿ ಅವು ಬರಿಯ ‘ಗಡ್ಡಿ’ಗಳು. ಅವುಗಳನ್ನು ಸುತ್ತುವ ವಿದ್ಯೆ ಇಲ್ಲಿ ಬಹಳ ಹಳೆಯದು.

ಮೊದಲು ಆ ಯಂತ್ರದ ಗುಟ್ಟನ್ನು ನೋಡೋಣ. ಅದಕ್ಕೆ ಹೊರಗೆ ತಿರುಗುವ ರೆಕ್ಕೆಯಿಲ್ಲ. ತಳದಿಂದ ನೀರನ್ನು ಹೀರಿ, ಒಳಗಿನ ಅಲಗುಗಳಿಂದ ಒತ್ತಿ, ಹಿಂಬದಿಯ ಮೂತಿಯಿಂದ ಚಿಮ್ಮಿಸುತ್ತದೆ. ಆ ಚಿಮ್ಮಿನ ಬಲವೇ ವಾಹನವನ್ನು ಮುಂದೆ ನೂಕುತ್ತದೆ. ಹಿಡಿಯನ್ನು ತಿರುಗಿಸಿದರೆ ಮೂತಿ ತಿರುಗುತ್ತದೆ. ಇಲ್ಲಿಯೇ ಒಂದು ವಿಪರೀತವಿದೆ. ಬಂಡೆಯೊಂದು ಎದುರಾದರೆ ಹೊಸಬನು ಬೆದರಿ ವೇಗವನ್ನು ಬಿಟ್ಟುಬಿಡುತ್ತಾನೆ. ವೇಗ ಬಿಟ್ಟೊಡನೆ ನೀರು ಚಿಮ್ಮುವುದು ನಿಲ್ಲುತ್ತದೆ, ಹಿಡಿ ತಿರುಗಿಸಿಯೂ ಪ್ರಯೋಜನವಾಗದು. ವಾಹನ ನೇರ ಬಂಡೆಯತ್ತಲೇ ಸಾಗುತ್ತದೆ. ಮಾರ್ಗದರ್ಶಿ ಬೇಕಾಗುವುದು ಇದಕ್ಕೇ. ಆಳದ ದಾರಿಯನ್ನು ಅವನು ಹಿಡಿಯುತ್ತಾನೆ, ಉಳಿದವರು ಅಂತರ ಬಿಟ್ಟು ಸಾಲಾಗಿ ಹಿಂಬಾಲಿಸುತ್ತಾರೆ. ತೆಳುನೀರಿನಲ್ಲಿ ಯಂತ್ರ ಮರಳನ್ನೂ ಕಲ್ಲನ್ನೂ ಒಳಗೆಳೆದುಕೊಂಡು ಕೆಡುತ್ತದೆ. ಬೇಸಿಗೆಯ ಕೃಷ್ಣೆಗೆ ಅದು ಒಗ್ಗುವ ವಾಹನವೇ ಅಲ್ಲ.

ಒಗ್ಗುವುದು ತೆಪ್ಪ. ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಅದಕ್ಕೆ ಚರ್ಮದ ಹೊದಿಕೆ, ಈಗ ಡಾಂಬರು ಬಳಿದ ತಾಡಪಾಲು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಯಸ್ ಆನೆಗೊಂದಿಯ ಬಳಿ ಇವನ್ನು ಕಂಡು ಬೆರಗಾಗಿದ್ದ. ಹದಿನೈದು ಇಪ್ಪತ್ತು ಜನ ಕೂರುತ್ತಾರೆ, ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ದೋಣಿ ಸದಾ ತಿರುಗುತ್ತಲೇ ಇರುತ್ತದೆ ಎಂದು ಬರೆದಿಟ್ಟ. ತಿರುಗುವುದು ನಿಜ, ಅದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಅಂಬಿಗನು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು, ಒಂಟಿ ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಸೆಳೆಯುತ್ತ, ಪ್ರತಿ ಸೆಳೆತದಲ್ಲೂ ಸ್ವಲ್ಪ ಓರೆ ಮಾಡುತ್ತ ಆ ತಿರುಗನ್ನು ತಡೆಯುತ್ತಾನೆ. ಗೇಣುದ್ದ ನೀರಿದ್ದರೆ ಸಾಕು, ತೆಪ್ಪ ತೇಲುತ್ತದೆ. ನೀರೇ ಇಲ್ಲದಲ್ಲಿ ಅಂಬಿಗನು ಅದನ್ನು ಮಗುಚಿ ಬೆನ್ನಿನ ಮೇಲೆ ಹೊತ್ತು, ಆಮೆಯಂತೆ ಬಂಡೆಗಳನ್ನು ದಾಟುತ್ತಾನೆ.

ನಾನು ಒಂದು ಬೇಸಿಗೆಯಲ್ಲಿ ಜಲದುರ್ಗದ ಕೆಳಗಿನ ಸಣ್ಣ ಗಡ್ಡಿಯೊಂದನ್ನು ಹೀಗೆ ಸುತ್ತಿದೆ. ಕೃಷ್ಣೆಯ ಎರಡು ಕವಲುಗಳ ನಡುವೆ ಆದಿಲ್‌ಶಾಹಿ ಕಾಲದ ಆ ಕೋಟೆ ನಿಂತಿದೆ. ಇಲ್ಲಿ ನದಿ ಮೂರು ಮೈಲಿಯ ಅಂತರದಲ್ಲಿ ಸುಮಾರು 400 ಅಡಿ ಕೆಳಗಿಳಿಯುತ್ತದೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಆ ಇಳಿಜಾರನ್ನು ಬಿಟ್ಟು ಶಾಂತವಾದ ಮಡುವಿನಲ್ಲಿ ನಮ್ಮ ತೆಪ್ಪ ಹೊರಟಿತು. ಅಂಬಿಗನು ಹುಟ್ಟಿಗಿಂತ ಕಣ್ಣಿಗೇ ಹೆಚ್ಚು ಕೆಲಸ ಕೊಡುತ್ತಿದ್ದ. ‘ಹೊಳಿ ಬಾಯಿ ಮಾಡಿದಲ್ಲಿ ಅಂಜಬ್ಯಾಡ್ರಿ, ಉಬ್ಬಿ ಸುಮ್ಮನಿದ್ದಲ್ಲಿ ಅಂಜ್ರಿ’ ಎಂದ. ಸದ್ದು ಮಾಡುವ ನೀರಿನ ಬಂಡೆ ಕಣ್ಣಿಗೆ ಕಾಣುತ್ತದೆ. ಸದ್ದಿಲ್ಲದೆ ಉಬ್ಬಿದ ನೀರಿನಡಿ ಮುಳುಗಿದ ಬಂಡೆ ಕಾದಿರುತ್ತದೆ. ಹೊಳೆ ದಾಟುವಾಗಲೂ ಅವನು ನೇರ ಹೋಗಲಿಲ್ಲ. ದಂಡೆಗುಂಟ ಮೇಲಕ್ಕೆ ಸಾಗಿ, ಆಮೇಲೆ ಸೆಳವಿಗೆ ಒಪ್ಪಿಸಿ, ಓರೆಯಾಗಿ ಬೇಕಾದ ಜಾಗಕ್ಕೇ ಇಳಿಸಿದ. ಗಣಿತದ ಮೇಷ್ಟರು ಕೋನ ಅಳೆದು ಹೇಳುವುದನ್ನು ಅವನ ತೋಳು ಹೇಳುತ್ತಿತ್ತು.

ಆದರೆ ಈ ಅರಿವಿಗೂ ಈಗ ಒಂದು ಮಿತಿಯುಂಟು. ಮೇಲುಭಾಗದಲ್ಲಿ ನಾರಾಯಣಪುರದ ಬಸವಸಾಗರವಿದೆ. ಹಿಂದೆ ಅಂಬಿಗರು ಮೋಡ, ಗಾಳಿ, ನೀರಿನ ಬಣ್ಣ ನೋಡಿ ಹೊಳೆಯ ಮನಸ್ಸನ್ನು ಊಹಿಸುತ್ತಿದ್ದರು. ಈಗ ಇಲ್ಲಿ ಹನಿ ಮಳೆಯಿಲ್ಲದೆಯೂ, ಸಹ್ಯಾದ್ರಿಯ ಮಳೆಗೆ ಅಣೆಕಟ್ಟಿನ ಗೇಟು ತೆರೆದರೆ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ 5 ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿ, ಜಲದುರ್ಗ, ಹಂಚಿನಾಳ, ಯರಗೋಡಿಗಳಿಗೆ ನೇರ ದಾರಿಯೇ ಇಲ್ಲವಾಯಿತು. 2020ರ ಆಗಸ್ಟಿನಲ್ಲಿ ರಾಯಚೂರು ತಾಲೂಕಿನ ಕುರ್ವಕುರ್ದಾಕ್ಕೆ ಜನರನ್ನು ಕರೆತರುತ್ತಿದ್ದ ತೆಪ್ಪವೊಂದು ತುಂಬುಹೊಳೆಯಲ್ಲಿ ಮಗುಚಿತು; ಎಲ್ಲರೂ ಮನೆ ಸೇರಲಿಲ್ಲ. ಅಂಥ ಹೊಳೆಗೆ ಇಳಿಯಬೇಡಿರೆಂದು ಅಧಿಕಾರಿಗಳು ಡಂಗುರ ಸಾರುತ್ತಾರೆ. ಸಾರುವುದು ಸರಿಯೇ. ಆದರೆ ಔಷಧಿ, ಸಂತೆ, ಹೆರಿಗೆ ಇವು ಗೇಟು ಮುಚ್ಚುವವರೆಗೆ ಕಾಯುತ್ತವೆಯೆ?

2014ರ ಮಳೆಗಾಲದ ಒಂದು ಘಟನೆಯನ್ನು ಪತ್ರಿಕೆಗಳಲ್ಲಿ ತಾವೂ ಓದಿರಬಹುದು. ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿಯಲ್ಲಿ ತುಂಬು ಗರ್ಭಿಣಿಯೊಬ್ಬಳಿದ್ದಳು. ಊರಿನಲ್ಲಿ ಆಸ್ಪತ್ರೆಯಿಲ್ಲ, ಹೊಳೆಗೆ ತೆಪ್ಪ ಇಳಿಸುವಂತಿಲ್ಲ. ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಆಕೆ ನೀರಿಗಿಳಿದಳು. ತಂದೆ, ಅಣ್ಣತಮ್ಮಂದಿರು ಜೊತೆಯಲ್ಲಿ ಈಜಿದರು. ನೇರ ದಾಟಿದರೆ ಸೆಳವು ಒಯ್ಯುತ್ತದೆಂದು ಅವರೂ ಓರೆಯಾಗಿಯೇ ಸಾಗಿದರು. ಅರ್ಧ ಕಿಲೋಮೀಟರಿಗೂ ಮೀರಿದ ಆ ಹಾದಿಯನ್ನು ಕಳೆದು ಆಕೆ ಆಚೆಯ ದಂಡೆ ಮುಟ್ಟಿದಳು.