ಕಾಡ್ಗಿಚ್ಚು, ಲಂಟಾನ ಮತ್ತು ಉದ್ಯಮದ ಪಾತ್ರ

ಅರಣ್ಯವು ಕೇವಲ ಮರಮಟ್ಟುಗಳ ಉಗ್ರಾಣವಲ್ಲ. ನೀರು, ಕಿರು ಅರಣ್ಯ ಉತ್ಪನ್ನ, ಪ್ರವಾಸೋದ್ಯಮ ಇವೆಲ್ಲಕ್ಕೂ ಅದೇ ಮೂಲ ಬಂಡವಾಳ. ತಾಪಮಾನ ಏರುತ್ತಿರುವ ಈ ದಿನಗಳಲ್ಲಿ ಆ ಬಂಡವಾಳವನ್ನು ಕಾಯುವ ಕ್ರಮವೂ ಬದಲಾಗಬೇಕಿದೆ. ಚಾಮರಾಜನಗರ ಜಿಲ್ಲೆಯ ಕಾಡುಗಳು ಇದಕ್ಕೆ ಸೂಕ್ತ ನಿದರ್ಶನ.

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹೊತ್ತಿದ ಬೆಂಕಿಗೆ ಸುಮಾರು 4,400 ಹೆಕ್ಟೇರ್ ಪ್ರದೇಶ ಆಹುತಿಯಾಯಿತು. ನಮ್ಮ ಕಾಡುಗಳಲ್ಲಿ ಕಿಡಿ ಹೊತ್ತಿಸುವವರು ಬಹುತೇಕ ಮನುಷ್ಯರೇ. ಆದರೆ ಅದು ಎಷ್ಟು ದೂರ ಹಬ್ಬುವುದೆಂಬುದನ್ನು ನಿರ್ಧರಿಸುವುದು ಒಣಹವೆ, ಗಾಳಿ ಮತ್ತು ನೆಲದ ಮೇಲೆ ಶೇಖರವಾದ ಉರುವಲು. ಹವೆ ನಮ್ಮ ಹಿಡಿತದಲ್ಲಿಲ್ಲ. ಉರುವಲನ್ನು ಮಾತ್ರ ನಾವು ತಗ್ಗಿಸಬಲ್ಲೆವು.

ತರಗು ಬೆಂಕಿಯ ಪಾಠ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಿರುಸಾಗುವ ಮುನ್ನವೇ ಒಣಗಿದ ಎಲೆಗಳಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ಇದೇ 'ತರಗು ಬೆಂಕಿ'. ನೆಲ್ಲಿ ಮರಗಳನ್ನು ಕಾಡುವ ಬಂದಳಿಕೆಯನ್ನೂ ಇದು ಹತೋಟಿಯಲ್ಲಿಡುತ್ತಿತ್ತೆಂಬುದು ಅವರ ಅನುಭವ. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ನಂತರ ಈ ಪದ್ಧತಿ ಮರೆಯಾಯಿತು. ಏಟ್ರೀ ಸಂಸ್ಥೆಯ ಅಧ್ಯಯನದ ಪ್ರಕಾರ, 1997ರಲ್ಲಿ ಅಲ್ಲಿನ ಶೇ. 41ರಷ್ಟು ತಾಕುಗಳಲ್ಲಿದ್ದ ಲಂಟಾನ 2008ರ ವೇಳೆಗೆ ಶೇ. 81ಕ್ಕೆ ವ್ಯಾಪಿಸಿತ್ತು. ಇದಕ್ಕೆ ಬೆಂಕಿಯ ನಿಷೇಧವೊಂದೇ ಕಾರಣವೆನ್ನಲಾಗದು. ಆದರೆ ದಟ್ಟ ಲಂಟಾನ ಪೊದೆಗೆ ತಗುಲಿದ ಬೆಂಕಿ ಮರದ ಕೊಂಬೆಗಳವರೆಗೂ ಏರುತ್ತದೆ. ಆದ್ದರಿಂದ ಹಳೆಯ ಪದ್ಧತಿಯನ್ನು ಇದ್ದಂತೆಯೇ ಮರಳಿ ತರುವುದು ಅಪಾಯಕರ. ಮೊದಲು ಲಂಟಾನ ತೆಗೆದು, ಸ್ಥಳೀಯ ಹುಲ್ಲು ಮರಗಳು ಚೇತರಿಸಿಕೊಂಡ ನಂತರ, ಅರಣ್ಯ ಇಲಾಖೆ ಮತ್ತು ಸೋಲಿಗರ ಜಂಟಿ ಮೇಲ್ವಿಚಾರಣೆಯಲ್ಲಿ ಮಿತವಾದ ಬೆಂಕಿಯನ್ನು ಪ್ರಯೋಗಿಸಿ ನೋಡುವುದು ಯೋಗ್ಯ. 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ದೊರೆತಿರುವುದರಿಂದ ಅವರನ್ನು ಹೊರಗಿಟ್ಟ ಯಾವ ಯೋಜನೆಯೂ ನಿಲ್ಲಲಾರದು.

ಮಾರುಕಟ್ಟೆ ಏನು ಮಾಡಬಹುದು?

ಲಂಟಾನ ಒಮ್ಮೆ ಕಡಿದರೆ ಹೋಗುವ ಗಿಡವಲ್ಲ. ಬುಡದಿಂದ ಮತ್ತೆ ಚಿಗುರುತ್ತದೆ. ಬೇರುಸಹಿತ ಕಿತ್ತು, ಕೆಲವು ವರ್ಷ ಸತತವಾಗಿ ಮರಿಗಿಡಗಳನ್ನು ತೆಗೆಯಬೇಕು. ಈ ವೆಚ್ಚದ ಒಂದು ಭಾಗವನ್ನು ಮಾರುಕಟ್ಟೆ ಭರಿಸಬಲ್ಲದು. ಮಲೆಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನ ಕಡ್ಡಿಗಳಿಂದ ಪೀಠೋಪಕರಣ ತಯಾರಿಸಿ ತೋರಿಸಿದ್ದಾರೆ. ಉಳಿದ ಸೊಪ್ಪುಕಡ್ಡಿ ಬಾಯ್ಲರುಗಳಿಗೆ ಇಂಧನದ ಇಟ್ಟಿಗೆಯಾಗಬಲ್ಲದು.

ಒಂದು ಎಚ್ಚರಿಕೆ ಅಗತ್ಯ. ಲಂಟಾನವೇ ಲಾಭದ ಬೆಳೆಯಾದರೆ ಅದನ್ನು ನಿರ್ಮೂಲ ಮಾಡುವ ಆಸಕ್ತಿ ಯಾರಿಗೂ ಉಳಿಯದು. ಆದಕಾರಣ ಖರೀದಿ ಒಪ್ಪಂದಗಳು ತೂಕಕ್ಕಷ್ಟೇ ಬೆಲೆ ಕಟ್ಟದೆ, ಲಂಟಾನಮುಕ್ತವಾಗಿ ಉಳಿದ ಪ್ರದೇಶಕ್ಕೂ ಬೆಲೆ ಕಟ್ಟಬೇಕು. ಕಾಡಿನ ಜೇನು, ನೆಲ್ಲಿಕಾಯಿ ಕೊಳ್ಳುವ ವರ್ತಕರು ಹಾಗೂ ಕಾಡಂಚಿನ ವಸತಿಗೃಹಗಳ ಮಾಲೀಕರು ಈ ದಿಸೆಯಲ್ಲಿ ಮೊದಲ ಹೆಜ್ಜೆ ಇಡಬಹುದು. ಬೆಂಕಿ ಬಿದ್ದ ಮೇಲೆ ನೀಡುವ ದೇಣಿಗೆಗಿಂತ ಬೇಸಿಗೆಗೆ ಮುನ್ನ ನೀಡುವ ಕೂಲಿಯೇ ಹೆಚ್ಚು ಫಲಕಾರಿ.